ಕಪ್ಪು ದಂಟಿನ ಕೆಸು

ಚಪ್ಪಲಿ ಹೊರಗೇ ಬಿಡಿ. ಕೊಡೆಯನ್ನು ಮೂಲೆಯ ಬಕೆಟ್ಟಿನಲ್ಲಿ ನಿಲ್ಲಿಸಿ, ನೀರು ನೆಲಕ್ಕೆ ಸೋರಿದರೆ ಮಾಮಿಯ ಬೈಗುಳ ತಪ್ಪಿದ್ದಲ್ಲ. ಒಳಗೆ ಬರುವಾಗ ತಲೆ ತುಸು ತಗ್ಗಿಸಿ. ವಾರದಿಂದ ಒಣಗದ ಬಟ್ಟೆಗಳೆಲ್ಲ ಬಾಗಿಲಿನಿಂದ ಕಿಟಕಿಯವರೆಗೆ ಹಗ್ಗದಲ್ಲಿ ನೇತಾಡುತ್ತಿವೆ. ಜುಲೈ ತಿಂಗಳ ಭಾನುವಾರ. ಬೆಳಗಿನ ಹತ್ತು ಗಂಟೆಗೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಸಾಂತಾಕ್ರೂಜ್ ಪೂರ್ವದ ವಾಕೋಲಾ ಕಡೆ, ಹಳೆಯ ಕಟ್ಟಡದ ಗ್ರೌಂಡ್ ಫ್ಲೋರಿನಲ್ಲಿ ಮಳೆಗಾಲದ ಬೆಳಕೆಂದರೆ ಅಷ್ಟೇ. ತಲೆಯ ಮೇಲೆ ವಿಮಾನವೊಂದು ಹಾದುಹೋಗುತ್ತದೆ. ಅಡುಗೆಮನೆಯ ಡಬ್ಬಗಳ ಮುಚ್ಚಳಗಳು ಸಣ್ಣಗೆ ನಡುಗುತ್ತವೆ, ಮಾತು ನಿಲ್ಲುತ್ತದೆ, ಮತ್ತೆ ಬಿಟ್ಟಲ್ಲಿಂದ ಶುರುವಾಗುತ್ತದೆ. ಈ ಮನೆಯಲ್ಲಿ ಎಷ್ಟೋ ವಾಕ್ಯಗಳ ನಡುವೆ ಒಂದೊಂದು ವಿಮಾನ ಕೂತಿರುತ್ತದೆ.

ಮೇಜಿನ ಮೇಲೆ ನೋಡಿ. ತೊಳೆದು ಜಾಡಿಸದ ಕೆಸುವಿನ ಎಲೆಗಳ ಕಟ್ಟು. ನಿನ್ನೆ ಸ್ಟೇಷನ್ ಹತ್ತಿರ ಮಾಮಿ ಆರಿಸಿ ತಂದದ್ದು, ಮಧ್ಯಾಹ್ನಕ್ಕೆ ಪತ್ರೊಡೆ ಆಗಲಿರುವುದು. ಅದರ ಪಕ್ಕದಲ್ಲಿ ಬೆನ್ನು ಬಿಚ್ಚಿಹೋದ ಸಸ್ಯಶಾಸ್ತ್ರದ ಪುಸ್ತಕವೊಂದರ ಬಿಡಿ ಹಾಳೆಗಳು, ಫ್ಲೋರಾ ಫೌಂಟನ್‌ನ ಫುಟ್‌ಪಾತಿನಲ್ಲಿ ನಾನು ತೂಕದ ಲೆಕ್ಕದಲ್ಲಿ ಕೊಂಡದ್ದು. ಮತ್ತೆ, ಮರಳು ತುಂಬಿದ ಚರ್ಮದ ದಿಂಬಿನ ಮೇಲೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಮರದ ತುಂಡು. ಅದರ ಮುಖಕ್ಕೆ ತೆಳುವಾಗಿ ಕಪ್ಪು ಬಳಿದಿದೆ. ಇನ್ನೂ ಒಂದು ಗೆರೆಯೂ ಬಿದ್ದಿಲ್ಲ.

ಮಾಮ ಎಂದರೆ ನನಗೆ ನಿಜದ ಮಾವನಲ್ಲ. ಊರ ಕಡೆಯವರು ಎಂಬುದರಿಂದ ಕೂಡಿಬಂದ ನಂಟು. ಹದಿನಾಲ್ಕನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಜೊತೆಗೆ ಬಂದ ಹುಡುಗರು ಹೋಟೆಲುಗಳಲ್ಲಿ ಮೇಜು ಒರೆಸತೊಡಗಿದಾಗ ಇವರು ಗಿರ್ಗಾಂವಿನ ಒಂದು ಛಾಪಖಾನೆಯಲ್ಲಿ ರೋಲರ್ ತೊಳೆಯಲು ನಿಂತರು. ಹಗಲು ಶಾಯಿ, ರಾತ್ರಿ ಕನ್ನಡ ನೈಟ್ ಸ್ಕೂಲು. ಛಾಪಖಾನೆಯಲ್ಲಿ ಒಬ್ಬ ಮುದಿ ಮರಾಠಿ ಮೇಸ್ತ್ರಿ ಮರದ ಬ್ಲಾಕು ಕೊರೆಯುತ್ತಿದ್ದನಂತೆ: ಊದುಬತ್ತಿಯ ಲೇಬಲ್ಲು, ಮುಲಾಮಿನ ಡಬ್ಬಿ, ಮದುವೆ ಕಾಗದದ ಗಣಪತಿ. ಮಾಮ ಕಲಿತದ್ದು ಅವನ ಮಗ್ಗುಲಲ್ಲಿ ಕೂತು. ಈಗ ಎಂಬತ್ತು ದಾಟಿದೆ. ಕೈ ನಡುಗುತ್ತದೆಂದು ಉಳಿಯನ್ನು ನನಗೆ ಕೊಟ್ಟು, ಬೈಯುವ ಕೆಲಸವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ.

"ಮೊದಲು ನೋಡು. ಕೊಯ್ಯುದು ಆಮೇಲೆ," ಎನ್ನುತ್ತಾರೆ. "ಎಲೆಯನ್ನು ಅಲ್ಲ ಮಾರಾಯ್ತಿ. ಎಲೆಯ ಹಿಂದೆ ಎಂತ ಉಂಟು, ಅದನ್ನು ನೋಡು."

ನೀವೂ ಬಗ್ಗಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇದೆ, ತಗೊಳ್ಳಿ. ಈ ಹಾಳೆಗಳು ಬಂದದ್ದು ಎಮಾನ್ಯುಯೆಲ್ ಲ ಮಾ ಮತ್ತು ಜೋಸೆಫ್ ದೆಕೇನ್ ಎಂಬ ಇಬ್ಬರು ಫ್ರೆಂಚರ ದೊಡ್ಡ ಪುಸ್ತಕದಿಂದ. ಪ್ಯಾರಿಸ್ಸಿನಲ್ಲಿ 1868ರಲ್ಲಿ ಹೊರಬಂತು. 1873ರಲ್ಲಿ ಇಂಗ್ಲಿಷಿಗೆ ತಂದವರು ಫ್ರಾನ್ಸಿಸ್ ಹೂಕರ್: ಡಾರ್ವಿನ್ನರ ಗುರು ಹೆನ್ಸ್‌ಲೋ ಅವರ ಮಗಳು, ಲಂಡನ್ನಿನ ಕ್ಯೂ ತೋಟದ ಜೋಸೆಫ್ ಹೂಕರ್ ಅವರ ಹೆಂಡತಿ. ಸಾವಿರಕ್ಕೂ ಮಿಕ್ಕಿದ ಪುಟಗಳು, ಸ್ಟೈನ್‌ಹೈಲ್ ಮತ್ತು ರಿಯೋಕ್ರೂ ಬರೆದ 5,500 ಚಿತ್ರಗಳು. ಹೆಚ್ಚಿನವು ಅಂಚೆಚೀಟಿಯಷ್ಟೇ ಇವೆ. ಒಂದು ಪುಟದಲ್ಲಿ ಹತ್ತು ಹನ್ನೆರಡು ಚಿತ್ರ, ನಡುವೆ ಸಂದಿ ಸಿಕ್ಕಲ್ಲೆಲ್ಲ ಅಕ್ಷರ. ಬಣ್ಣ ಒಂದು ಹನಿಯೂ ಇಲ್ಲ.

ಈ ರೋಮದ ಕಾಂಡದ ಮೇಲೆ ಕಣ್ಣಿಡಿ. ಕಾಂಡದ ನೆರಳಿನ ಬದಿ ಕಪ್ಪು. ಅದರ ಮೇಲಿನ ರೋಮಗಳು ಬಿಳಿ. ಈಗ ಒಂದೇ ಒಂದು ರೋಮವನ್ನು ಆರಿಸಿಕೊಂಡು ಅದರ ಬುಡದಿಂದ ತುದಿಗೆ ಸಾಗಿ. ಕಾಂಡದ ಅಂಚು ದಾಟಿ ಖಾಲಿ ಕಾಗದಕ್ಕೆ ಬಂದ ಕ್ಷಣ ಆ ರೋಮ ಕಪ್ಪಾಗಿಬಿಟ್ಟಿದೆ! ಒಂದೇ ರೋಮ, ಅರ್ಧ ಬಿಳಿ, ಅರ್ಧ ಕಪ್ಪು. ಬಣ್ಣ ಬದಲಾದದ್ದು ರೋಮದ್ದಲ್ಲ, ಅದರ ಹಿಂದಿನದ್ದು. ಭೂತಗನ್ನಡಿ ತೆಗೆದು ದೂರದಿಂದ ನೋಡಿದರೆ ಇದಾವುದೂ ಕಾಣಿಸುವುದಿಲ್ಲ, ಮುಟ್ಟಿದರೆ ಚುಚ್ಚೀತು ಎನ್ನಿಸುವ ಒಂದು ಕಾಂಡ ಮಾತ್ರ ಇರುತ್ತದೆ.

ಅದರ ಕೆಳಗಿನ ಬೀಜ ನೋಡಿ. ಸಾಸಿವೆಯಷ್ಟು. ಅದರ ಬೆಳಕಿನ ಬದಿಗೆ ಅಂಚೇ ಇಲ್ಲ. ಗೆರೆಗಳು ಬೀಜದ ಉಬ್ಬನ್ನು ಹಿಡಿದು ಬಾಗುತ್ತ, ತೆಳುವಾಗುತ್ತ, ಒಂದು ಕಡೆ ಕಾಗದದಲ್ಲಿ ಕರಗಿಬಿಡುತ್ತವೆ. ಉಳಿದ ಅಂಚನ್ನು ಕಟ್ಟಿಕೊಂಡದ್ದು ನಿಮ್ಮ ಕಣ್ಣು. ಪಕ್ಕದಲ್ಲಿ ಸೀಳಿದ ಅಂಡಾಶಯ: ಕತ್ತಿ ತಾಗಿದ ಮೈ ಅಚ್ಚ ಬಿಳಿ, ಒಳಗಿನ ಕೋಣೆಗಳು ಕಡು ಕಪ್ಪು, ಹೊರಮೈಗೆ ಮಾತ್ರ ಗೆರೆಗಳ ಬೂದು. ಅಂಥ ಕಪ್ಪು ಯಾವ ಹೂವಿನ ಒಳಗೂ ಇಲ್ಲ. ಹಿತ್ತಲಿನ ದಾಸವಾಳವನ್ನು ಸೀಳಿ ನೋಡಿ, ಒಳಗೆಲ್ಲ ಎಳೆ ಹಸಿರು, ತೇವ, ಹೊಳಪು. ಆದರೂ ಈ ಚಿತ್ರವನ್ನು ನೋಡಿದವರಿಗೆ ಎಲ್ಲಿ ಗೋಡೆ, ಎಲ್ಲಿ ಪೊಳ್ಳು ಎಂಬ ಅನುಮಾನ ಬರುವುದಿಲ್ಲ. ಈ ಮರದಚ್ಚುಗಳಲ್ಲಿ ಕಪ್ಪು ಎಂದರೆ ಬರೀ ನೆರಳಲ್ಲ. ಅದು ಹೇಳಿಕೆ. ಇಲ್ಲಿ ಏನೂ ಇಲ್ಲ, ಇದು ಒಳಗಿನದು, ಇದು ಹಿಂದಿನದು, ಎಂದು ಒಬ್ಬ ಕೆಲಸಗಾರ ತೀರ್ಮಾನಿಸಿ ಬಿಟ್ಟ ಜಾಗ.

ಬಿಳಿ ಹೂವಿನದೇ ಫಜೀತಿ. ಬಿಳಿ ಕಾಗದದ ಮೇಲೆ ಬಿಳಿ ದಳವನ್ನು ತೋರಿಸುವುದು ಹೇಗೆ? ಸುತ್ತ ಗೆರೆ ಎಳೆದರೆ ತಂತಿ ಬಗ್ಗಿಸಿ ಮಾಡಿದ ಹೂವಾಗುತ್ತದೆ. ಅದಕ್ಕೇ ಹಿಂದೊಂದು ಎಲೆ ತಂದಿಟ್ಟರು. ಗಿಡದಲ್ಲಿ ಆ ಎಲೆ ಅಲ್ಲೇ ಇತ್ತೋ, ಹೂವಿಗಾಗಿ ಸರಿದು ಬಂತೋ, ನನಗಂತೂ ಇಂಥ ಪುಟಗಳನ್ನು ನೋಡುವಾಗಲೆಲ್ಲ ಎರಡನೆಯದೇ ನಿಜ ಎನ್ನಿಸುತ್ತದೆ. ಮಾಮನಿಗೆ ಅದರಲ್ಲಿ ಅನುಮಾನವೇ ಇಲ್ಲ. "ಮದುವೆ ಫೋಟೋದಲ್ಲಿ ಕಪ್ಪು ಕೋಟಿನವರನ್ನು ಹಿಂದೆ ನಿಲ್ಲಿಸುದಿಲ್ವಾ, ಹಾಗೆ."

ಸರಿ, ಈಗ ಉಳಿ.

ಇದರ ಹಿಡಿ ಅಣಬೆಯ ಹಾಗೆ ದುಂಡಗೆ, ಒಂದು ಬದಿ ಸವರಿದ್ದು. ಅಂಗೈಯ ಗುಳಿಯಲ್ಲಿ ಅದನ್ನು ಕೂರಿಸಬೇಕು. ಹೆಬ್ಬೆರಳು ಮರದ ಮೇಲೆ ಊರಿರಬೇಕು, ಲಗಾಮಿನಂತೆ. ತಳ್ಳುವುದು ಬಲಗೈಯಾದರೂ ತಿರುಗಿಸುವುದು ಮಾತ್ರ ಎಡಗೈ. ಬಾಗಿದ ಗೆರೆ ಬೇಕೆಂದರೆ ಉಳಿಯನ್ನು ಬಾಗಿಸುವುದಿಲ್ಲ. ಮರಳುದಿಂಬಿನ ಮೇಲೆ ಮರವನ್ನೇ ತಿರುಗಿಸುತ್ತಾರೆ. ಕೇಳಿ, ಸದ್ದು. ಚರ್ರ್ ಎನ್ನದೆ, ಸೌತೆಕಾಯಿ ಸಿಪ್ಪೆ ಬಿಡುವಷ್ಟು ಮೆತ್ತಗೆ, ಕೂದಲಿನಂಥ ಸುರುಳಿಯೊಂದು ಏಳುತ್ತದೆ. ಉಳಿ ಹೋದ ದಾರಿ ತಗ್ಗಾಗಿದೆ. ಶಾಯಿ ಮೇಲ್ಮೈಗೆ ಮಾತ್ರ ಹತ್ತುವುದರಿಂದ ಆ ದಾರಿ ಕಾಗದದಲ್ಲಿ ಬಿಳಿ ಗೆರೆಯಾಗಿ ಬರುತ್ತದೆ.

ಹೀಗೆ ಕೊರೆಯಲು ಆಗುವುದು ಮರದ ಅಡ್ಡಕೊಯ್ತದ ಮೇಲೆ. ಹಲಗೆಯ ಉದ್ದ ನಾರಿನ ಮೇಲೆ ಉಳಿ ನೂಕಿದರೆ ನಾರು ಕಿತ್ತು ಬರುತ್ತದೆ. ಹಳೆಯ ಕಾಲದ ಮರದಚ್ಚುಗಳಿಗೆಲ್ಲ ಚಾಕು ಬೇಕಾಗಿದ್ದದ್ದು ಅದಕ್ಕೇ. 1542ರಲ್ಲಿ ಲಿಯೋನ್‌ಹಾರ್ಟ್ ಫುಕ್ಸ್ ಹೊರತಂದ ಸಸ್ಯಗ್ರಂಥದ ಐನೂರಕ್ಕೂ ಹೆಚ್ಚು ಚಿತ್ರಗಳು ಚಾಕುವಿನವು. ನೆರಳು ಗಿಡದ ಆಕಾರವನ್ನು ಮರೆಸುತ್ತದೆ ಎಂದು ಫುಕ್ಸ್ ಬರೀ ಅಂಚುಗೆರೆ ಸಾಕೆಂದುಬಿಟ್ಟರು. ಎರಡೂವರೆ ಶತಮಾನ ಕಳೆದ ಮೇಲೆ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಲೋಹ ಕೊರೆಯುವುದನ್ನು ಕಲಿತ ಥಾಮಸ್ ಬ್ಯೂಯಿಕ್ ಅದೇ ಲೋಹದ ಉಳಿಯನ್ನು ಬಾಕ್ಸ್‌ವುಡ್ಡಿನ ಅಡ್ಡಕೊಯ್ತಕ್ಕೆ ತಂದರು. ಪ್ರಾಣಿಗಳ ಪುಸ್ತಕ 1790, ಹಕ್ಕಿಗಳದ್ದು 1797. ಬ್ಯೂಯಿಕ್‌ಗಿಂತ ಮುಂಚೆಯೂ ಅಡ್ಡಕೊಯ್ತ ಇತ್ತು, ಆದರೆ ಕತ್ತಲೆಯಿಂದ ಶುರುಮಾಡಿ ಬೆಳಕನ್ನು ಕೆತ್ತಿ ತೆಗೆಯಬಹುದೆಂದು ಲೋಕಕ್ಕೆಲ್ಲ ತೋರಿಸಿದ್ದು ಅವರೇ.

"ಒಂದು ಬಿಳಿ ಗೆರೆಗೆ ಎಷ್ಟು ಕೊಯ್ತ?" ಮಾಮನ ಪರೀಕ್ಷೆ.

"ಒಂದು."

"ಕಪ್ಪು ಗೆರೆಗೆ?"

ಇದಕ್ಕೆ ಉತ್ತರಿಸುವ ಮುಂಚೆ ನೀವೂ ಯೋಚಿಸಿ. ಕಪ್ಪು ಗೆರೆಯನ್ನು ಎಳೆಯಲು ಬರುವುದಿಲ್ಲ, ಅದನ್ನು ಉಳಿಸಬೇಕು. ಈ ಬದಿಯಿಂದ ಒಂದು ಕೊಯ್ತ, ಆ ಬದಿಯಿಂದ ಒಂದು, ನಡುವೆ ಗದ್ದೆಯ ಬದುವಿನ ಹಾಗೆ ಒಂದು ಏರು. ಅದೇ ಕಪ್ಪು ಗೆರೆ. ಸ್ವಲ್ಪ ಅದುರಿದರೆ ಬದು ಕುಸಿದು ನೀರು ನುಗ್ಗುತ್ತದೆ. ಎರಡು ಕಪ್ಪು ಗೆರೆಗಳು ಒಂದನ್ನೊಂದು ದಾಟಿದರಂತೂ ಮುಗಿಯಿತು. ಚಿತ್ರಕಾರ ಪೆನ್ಸಿಲಿನಲ್ಲಿ ಜಾಳಿಗೆಯಂತೆ ಅಡ್ಡಡ್ಡ ಗೀಚಿ ಕಾಲು ನಿಮಿಷದಲ್ಲಿ ನೆರಳು ಮಾಡಿಟ್ಟು ಹೋಗಿರುತ್ತಾನೆ. ಕೊರೆಯುವವನು ಆ ಜಾಳಿಗೆಯ ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ ಹೆಕ್ಕಿ ತೆಗೆಯಬೇಕು. ನೂರು ಕಣ್ಣು, ಪ್ರತಿಯೊಂದಕ್ಕೂ ನಾಲ್ಕು ಬದಿ. ಹತ್ತೊಂಬತ್ತನೆಯ ಶತಮಾನದ ಸಸ್ಯಚಿತ್ರಗಳಲ್ಲಿ ಎಷ್ಟೋ ಕಡೆ ಅಡ್ಡಗೆರೆ ಬಿಟ್ಟು ಒಂದೇ ದಿಕ್ಕಿನ ಸಾಲುಗೆರೆ ಕಾಣುತ್ತದಲ್ಲ, ಆ ರೂಪ ಸೌಂದರ್ಯಪ್ರಜ್ಞೆಯಿಂದಷ್ಟೇ ಬಂದದ್ದಲ್ಲ. ಬೆನ್ನುನೋವೂ ಸಂಬಳವೂ ಸೇರಿ ಬಂದದ್ದು.

ಮಾಮ ಒಮ್ಮೆ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳ ಪ್ರದರ್ಶನಕ್ಕೆ ಹೋಗಿದ್ದರಂತೆ. ಕಟ್ಟಿಂಗೇರಿಯಿಂದ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಮುಂಬಯಿಯವರೇ ಆಗಿಹೋದ ಹೆಬ್ಬಾರರು ಪೆನ್ನೆತ್ತದೆ ಒಂದೇ ಉಸಿರಿನಲ್ಲಿ ನರ್ತಕಿಯನ್ನು ತಂದುಬಿಡುತ್ತಿದ್ದರು. "ನೋಡಿ ಬಂದು ಮೂರು ದಿವಸ ಬ್ಲಾಕು ಮುಟ್ಟಲಿಲ್ಲ ನಾನು," ಎನ್ನುತ್ತಾರೆ ಮಾಮ. "ಅವರದ್ದು ಹಾಡುವ ಗೆರೆ. ನಮ್ಮದು ಲೆಕ್ಕ ಬರೆಯುವ ಗೆರೆ."

ವಿಮಾನ. ಮಾಮಿ ಒಳಗೆ ಮಿಕ್ಸಿ ತಿರುಗಿಸುತ್ತಾರೆ: ನೆನೆದ ಅಕ್ಕಿ, ಮೆಣಸು, ಹುಳಿ, ಬೆಲ್ಲ, ತೆಂಗಿನಕಾಯಿ. ಹುಳಿ ಧಾರಾಳವಾಗಿಯೇ ಬೀಳಬೇಕು. ಕೆಸುವಿನ ಎಲೆಯೊಳಗೆ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ. ಗಂಟಲು ತುರಿಸುವುದು ಅವುಗಳಿಂದ.

ಕಿಟಕಿಯ ಬೆಳಕು ಇನ್ನೂ ಕಂದಿದೆ. ಇದೇ ಹೊತ್ತಿಗೆ 1870ರ ಲಂಡನ್ನಿನ ಒಂದು ಅಚ್ಚು ಕೊರೆಯುವ ಕಾರ್ಖಾನೆಗೆ ಹೋಗಿ ಬರೋಣ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ. ಅಲ್ಲೂ ಮಬ್ಬು, ಚಳಿಗಾಲದ್ದು. ದುಂಡು ಮೇಜಿನ ನಡುವೆ ಒಂದೇ ದೀಪ. ಸುತ್ತಲೂ ನೀರು ತುಂಬಿದ ಗಾಜಿನ ಬುಡ್ಡಿಗಳು. ದೀಪದ ಬೆಳಕು ಒಂದೊಂದು ಬುಡ್ಡಿಯನ್ನು ಹಾದು ಒಬ್ಬೊಬ್ಬನ ಅಚ್ಚಿನ ಮೇಲೆ ನಾಣ್ಯದಷ್ಟು ಅಗಲಕ್ಕೆ ಬೀಳುತ್ತಿದೆ. ಯಾರೂ ಮಾತಾಡುತ್ತಿಲ್ಲ, ಉಸಿರಿನ ಹಬೆ ಮರಕ್ಕೆ ತಾಗಬಾರದೆಂದು ಒಬ್ಬ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಾನೆ. ಮರದ ಮುಖಕ್ಕೆ ಬಿಳಿ ಬಳಿದು ಅದರ ಮೇಲೆ ಚಿತ್ರಕಾರ ತಿರುಗುಮುರುಗಾಗಿ ಗಿಡ ಬರೆದಿದ್ದಾನೆ. ತಿರುಗಿಸುವುದು ಮರೆತರೆ ಎಡಕ್ಕೆ ಸುತ್ತುವ ಬಳ್ಳಿ ಅಚ್ಚಾದಾಗ ಬಲಕ್ಕೆ ಸುತ್ತಿ, ಸಸ್ಯವೇ ಸುಳ್ಳಾಗುತ್ತದೆ. ಬೆಳಕು ಎಡದ ಮೇಲ್ಮೂಲೆಯಿಂದ ಬೀಳಬೇಕೆಂಬುದು ರೂಢಿ, ಹಾಗಾಗಿ ಮರದ ಮೇಲೆ ಅದು ಬಲದಿಂದ ಬೀಳುತ್ತದೆ. ಡಾರ್ವಿನ್ನರ ಪುಸ್ತಕಗಳ ಚಿತ್ರಗಳನ್ನು ಕೊರೆದ ಜೇಮ್ಸ್ ಡೇವಿಸ್ ಕೂಪರ್ ದುಡಿದದ್ದು ಇಂಥ ಲೋಕದಲ್ಲಿ. ಹೆಸರು ಉಳಿದದ್ದು ಅಂಥ ಕೆಲವರದ್ದು. ಬುಡ್ಡಿಯ ಬೆಳಕಿನಲ್ಲಿ ಕೂತ ಉಳಿದ ಹುಡುಗರು ಯಾರೋ.

ಇಷ್ಟೊಂದು ಕಷ್ಟ ಯಾತಕ್ಕೆ? ತಾಮ್ರದ ತಗಡಿನಲ್ಲಿ, ಕಲ್ಲಿನಚ್ಚಿನಲ್ಲಿ ಇದಕ್ಕಿಂತ ನಯವಾದ ಹೂ ಬರುತ್ತಿತ್ತಲ್ಲ. ಬರುತ್ತಿತ್ತು. ಆದರೆ ಅವಕ್ಕೆ ಬೇರೆ ಯಂತ್ರ, ಬೇರೆ ಹಾಳೆ. ಮಾಮ ಎದ್ದು ಗೋಡೆಯ ಡಬ್ಬಿಯಿಂದ ಒಂದು ಸೀಸದ ಮೊಳೆ ತಂದು ನನ್ನ ಮರದ ತುಂಡಿನ ಪಕ್ಕದಲ್ಲಿ ನಿಲ್ಲಿಸುತ್ತಾರೆ. 'ಕ' ಅಕ್ಷರ. ಎರಡರ ಎತ್ತರವೂ ಒಂದೇ, ಇಪ್ಪತ್ತಮೂರು ಮಿಲಿಮೀಟರಿಗೆ ಕೂದಲೆಳೆ ಹೆಚ್ಚು. ಒಂದೇ ಚೌಕಟ್ಟಿನಲ್ಲಿ ಬಿಗಿದು, ಒಂದೇ ರೋಲರ್ ಓಡಿಸಿ, ಒಂದೇ ಏಟಿಗೆ ಗಿಡವನ್ನೂ ಗಿಡದ ವಿವರಣೆಯನ್ನೂ ಅಚ್ಚು ಹಾಕಬಹುದು. ಸೀಸದ ಅಕ್ಷರದ ಪಕ್ಕದಲ್ಲಿ ನಿಲ್ಲಬೇಕಾದ ಗಿಡ ಅಕ್ಷರದಷ್ಟೇ ಗಟ್ಟಿಯಾಗಿ ಕಪ್ಪು ಬಿಳುಪಿನಲ್ಲಿ ಮಾತಾಡಬೇಕಾಯಿತು. ತೋಟಗಾರಿಕೆಯ ಲೇಖಕ ಲೌಡನ್ 1829ರಲ್ಲಿ ಸುಮಾರು ಹತ್ತು ಸಾವಿರ ಸಸ್ಯಗಳ ಪುಟಾಣಿ ಚಿತ್ರಗಳಿದ್ದ ಕೋಶವನ್ನು ತಂದದ್ದು, ಕ್ಯೂ ತೋಟದ ಡೇನಿಯಲ್ ಆಲಿವರ್ 1869ರಲ್ಲಿ ಇಲ್ಲಿನ ವಿದ್ಯಾರ್ಥಿಗಳಿಗೆಂದೇ ಭಾರತೀಯ ಸಸ್ಯಶಾಸ್ತ್ರದ ಪಾಠಪುಸ್ತಕ ಬರೆದದ್ದು, ಎಲ್ಲ ಈ ಒಂದು ಎತ್ತರದ ಲೆಕ್ಕದ ಮೇಲೆ ನಿಂತಿವೆ.

ಇದಕ್ಕೆ ಪ್ರತಿಯಾಗಿ ನನಗೆ ಯಾವಾಗಲೂ ನೆನಪಾಗುವುದು ಶಿವಮೊಗ್ಗ. ಮೈಸೂರು ಸೀಮೆಯಲ್ಲಿ ಸರ್ಜನ್ ಆಗಿದ್ದ ಹ್ಯೂ ಕ್ಲೆಗಾರ್ನ್ 1840ರ ದಶಕದ ನಡುವಿನಲ್ಲಿ ಅಲ್ಲಿ ಒಬ್ಬ ಮರಾಠಿ ಚಿತ್ರಗಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡ ಬರೆಸುತ್ತಿದ್ದರು. ಬಣ್ಣದಲ್ಲಿ. ಮಲೆನಾಡಿನ ಹಸುರಿನ ಹತ್ತಾರು ಬಗೆ ಆ ಹಾಳೆಗಳಲ್ಲಿವೆ. ಅವು ಈಗಲೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ, ಒಂದೊಂದಕ್ಕೂ ಒಂದೇ ಪ್ರತಿ. ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಬರೆದವುಗಳದ್ದೂ ಅದೇ ಕತೆ. ನೋಡಿದವರು ಎಷ್ಟು ಜನ? ಈ ಕರಿಬಿಳಿ ಬೀಜವನ್ನು, ನಾನು ಫುಟ್‌ಪಾತಿನಲ್ಲಿ ಕೊಂಡ ಈ ಹುಳುಕು ಹಾಳೆಯನ್ನು, ಎಷ್ಟು ಊರಿನ ಎಷ್ಟು ಹುಡುಗರು ನೋಡಿರಬಹುದು? ಬಣ್ಣ ಗಿಡಕ್ಕೆ ನ್ಯಾಯ ಮಾಡಿತು, ಮರದಚ್ಚು ಓದುಗನಿಗೆ.

ಮರದ ವಿಷಯಕ್ಕೆ ಬರುತ್ತೇನೆ. ಬಾಕ್ಸ್‌ವುಡ್ ಕಪ್ಪುಸಮುದ್ರದ ದಂಡೆಯ ಕಡೆಯಿಂದ ಬರಬೇಕಾಗಿತ್ತು. ಮೀನಖಂಡದಷ್ಟು ದಪ್ಪವಾಗಲು ಆ ಮರಕ್ಕೆ ಒಂದೆರಡು ತಲೆಮಾರು ಬೇಕು. ದೊಡ್ಡ ಚಿತ್ರಕ್ಕೆ ನಾಲ್ಕಾರು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ನಮ್ಮಲ್ಲಿ ಅದನ್ನು ತರಿಸುವವರು ಯಾರು? ಸರ್ಜನ್ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಮದ್ರಾಸಿನಲ್ಲಿ ತೆರೆದ ಕಲಾಶಾಲೆಯಲ್ಲಿ ಮರಗೆತ್ತನೆಯೂ ಒಂದು ಪಾಠವಾಗಿತ್ತು. ಮುಂಬಯಿಯಲ್ಲಿ 1857ರಲ್ಲಿ ಶುರುವಾದ ಜೆ.ಜೆ. ಶಾಲೆಯ ಮೊದಲ ವರ್ಷಗಳಲ್ಲಿ ಜಾರ್ಜ್ ವಿಲ್ಕಿನ್ಸ್ ಟೆರಿ ಚಿತ್ರದ ಜೊತೆ ಅದನ್ನೇ ಕಲಿಸಿದರು. ಆಗಿನಿಂದಲೇ ಹುಡುಕಾಟ: ಬಾಕ್ಸ್‌ವುಡ್ಡಿಗೆ ಬದಲು ಈ ನೆಲದ ಯಾವ ಮರ? ಕಾಡುಗಾರ್ಡೇನಿಯಾ ಆದೀತು ಎಂದರು. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ, ಹಾಲಿನಷ್ಟು ಬಿಳಿ, ಹದವಾದ ನಾರು. ಮತ್ತೊಂದು ಕರಿಬೇವಿನ ಅಕ್ಕ, ಕಾಮಿನಿ.

ಬಾಗಿಲಿಂದ ಇಣುಕಿ ನೋಡಿ, ಕಾಂಪೌಂಡ್ ಗೋಡೆಗೆ ಒರಗಿಕೊಂಡು ಮಳೆಯಲ್ಲಿ ತೊಯ್ಯುತ್ತಿರುವ ಬೇಲಿಗಿಡ ಅದೇ. ಮುಂಬಯಿಯ ಎಷ್ಟು ಸೊಸೈಟಿಗಳ ಅಂಗಳದಲ್ಲಿಲ್ಲ ಅದು! ಹೂ ಬಿಟ್ಟ ರಾತ್ರಿ ರಸ್ತೆಯವರೆಗೆ ಘಮ. ಹತ್ತು ವರ್ಷಗಳ ಹಿಂದೆ ಸೊಸೈಟಿಯವರು ಒಂದು ಹಳೆಯ ಕಾಮಿನಿಯನ್ನು ಬುಡಕ್ಕೆ ಕಡಿಸಿದಾಗ ಮಾಮ ಕಾವಲುಗಾರನಿಗೆ ಚಹಾ ಕುಡಿಸಿ ಆ ಬುಡವನ್ನು ಮನೆಗೆ ಹೊತ್ತುತಂದರು. ಮೂರು ವರ್ಷ ಮಂಚದಡಿ ಒಣಗಿಸಿದರು. ನನ್ನ ಕೈಯಲ್ಲಿರುವುದು ಅದರದೇ ತುಂಡು. ಎರಡೂ ಮುಖ ಕನ್ನಡಿಯಂತೆ ತೀಡಿದ್ದಾರೆ. ಮೂಸಿ ನೋಡಿ, ಘಮವೇನೂ ಇಲ್ಲ.

ಮಂಚದಡಿ ಎಂದೆ. ಮಂಚದಡಿಯ ಇನ್ನೊಂದು ಕತೆಯೂ ಇದೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದ ಹೆಸರು ಮುಂಬಯಿಯವರಿಗೆಲ್ಲ ಗೊತ್ತು. ಮಳೆ ಎಷ್ಟು ಬಂತೆಂದು ಕೇಳಿದರೆ ಕೊಲಾಬಾದ್ದೊಂದು ಲೆಕ್ಕ, ಸಾಂತಾಕ್ರೂಜಿನದ್ದೊಂದು. ಅಲ್ಲಿ 2005ರ ಜುಲೈ 26ರಂದು ಬಿದ್ದದ್ದು 944 ಮಿಲಿಮೀಟರ್. ಆ ಸಂಜೆ ಈ ಕೋಣೆಯಲ್ಲಿ ಸೊಂಟದವರೆಗೆ ನೀರು. ಮಾಮಿ ಅಕ್ಕಿ ಡಬ್ಬ ಹೊತ್ತು ಮೇಲಿನ ಮಹಡಿಗೆ ಓಡಿದರು. ಮಾಮ ಮಂಚದಡಿಯಿಂದ ಬ್ಲಾಕುಗಳ ಟ್ರಂಕನ್ನು ಎಳೆಯಲು ಹೋಗಿ ಸೋತರು. ಎರಡು ದಿನ ನೀರಲ್ಲಿ ನೆಂದ ಅಡ್ಡಕೊಯ್ತದ ಮರ ಒಣಗುವಾಗ ಏನು ಮಾಡುತ್ತದೆಂದು ತೋರಿಸಲು ಅವರು ಒಂದನ್ನು ಇಟ್ಟುಕೊಂಡಿದ್ದಾರೆ. ಮೇಸ್ತ್ರಿಯ ಕಾಲಕ್ಕೂ ಹಳೆಯದು, ಯಾವುದೋ ಔಷಧಿಯ ಲೇಬಲ್ಲಿನ ದಾಳಿಂಬೆ. ಅರ್ಧ ಇಡಿಯದು, ಅರ್ಧ ಸೀಳಿದ್ದು. ಇಡೀ ಹಣ್ಣಿನ ಮೈಯಲ್ಲಿ ಗೆರೆಗಳು ಗಡಿಗೆಯ ಮೇಲಿನ ಬೆರಳಗುರುತಿನಂತೆ ಸುತ್ತುತ್ತವೆ. ಸೀಳಿದ ಅರ್ಧದಲ್ಲಿ ಒಂದೊಂದು ಕಾಳಿಗೂ ಎಳ್ಳಿನ ಮೊನೆಯಷ್ಟು ಬಿಳಿ ಚುಕ್ಕೆ, ಅಷ್ಟರಿಂದಲೇ ಕಾಳು ರಸ ತುಂಬಿಕೊಂಡು ಹೊಳೆಯುತ್ತದೆ. ಈ ಎಲ್ಲದರ ನಡುವೆ, ತೊಟ್ಟಿನಿಂದ ಬುಡದವರೆಗೆ, ಅಂಕುಡೊಂಕಾದ ಒಂದು ಬಿಳಿ ಗೆರೆ. ಬಿರುಕು.

"ಇದನ್ನು ಕೊರೆದದ್ದು ನಾನಲ್ಲ, ಮೇಸ್ತ್ರಿಯೂ ಅಲ್ಲ," ಎನ್ನುತ್ತಾರೆ ಮಾಮ. "ಜುಲೈ ಇಪ್ಪತ್ತಾರು ಕೊರೆದದ್ದು."

ಕೆಸುವಿಗೆ ಕೈ ಹಾಕೋಣ. ಕಳೆದ ವಾರ ನಾನೊಂದು ಸುಲಭದ ದಾರಿ ಹಿಡಿದಿದ್ದೆ. ಎಲೆಯ ಬೆನ್ನಿನಲ್ಲಿ ನರಗಳು ಉಬ್ಬಿರುತ್ತವಲ್ಲ, ಅದಕ್ಕೇ ಶಾಯಿ ಸವರಿ ಕಾಗದಕ್ಕೆ ಒತ್ತಿದೆ. ಮದ್ರಾಸಿನ ಕೋಟೆಯ ಛಾಪಖಾನೆಯಲ್ಲಿ ಹೆನ್ರಿ ಸ್ಮಿತ್ 1857ರಲ್ಲಿ ಹೀಗೆ ನಿಜ ಗಿಡಗಳಿಂದಲೇ ಅಚ್ಚು ಹಾಕಿದ ಪುಸ್ತಕ ತಂದಿದ್ದರು. ನನ್ನದೂ ಬಂತು, ಒಂದು ನರವೂ ಬಿಡದೆ. ಅಂಚಿಗೆ ಒಂದಿಷ್ಟು ಒಳಗೆ ಎಲೆಯ ಸುತ್ತ ಓಡುವ, ಬರಿಗಣ್ಣಿಗೆ ಸುಲಭಕ್ಕೆ ಸಿಗದ ಸಣ್ಣ ನರವೂ ಬಂದಿತ್ತು. ಹೆಮ್ಮೆಯಿಂದ ತಂದು ತೋರಿಸಿದೆ. ಮಾಮ ಕನ್ನಡಕ ಏರಿಸಿ ನೋಡಿ ಪಕ್ಕಕ್ಕಿಟ್ಟರು. "ಇದು ಹೆಬ್ಬೆಟ್ಟಿನ ಗುರುತು. ಮುಖ ಅಲ್ಲ."

ಅವರು ಹೇಳಿದ್ದು ಸರಿ. ಕೆಸುವಿನ ಗುರುತೇ ಅದರ ತೊಟ್ಟು ಸೇರುವ ಜಾಗ: ಎಲೆಯ ಸೀಳಿನ ಅಂಚಿಗಲ್ಲ, ಅಲ್ಲಿಂದ ಒಳಕ್ಕೆ, ಬೆನ್ನಿನ ಮಧ್ಯೆ, ಗುರಾಣಿಯ ಹಿಡಿಯಂತೆ. ಚಪ್ಪಟೆ ಒತ್ತಿದರೆ ಅದು ಹೋಯಿತು. ಎಲೆ ಬಾಗಿ ಜೋಲುವ ಭಾರ ಹೋಯಿತು. ಮೇಲೆ ಕೂತ ನೀರು? ಈಗಲೇ ನೋಡಿ, ಮೇಜಿನ ಮೇಲಿನ ಎಲೆಯಲ್ಲಿ ನೀರು ಹರಡಿಲ್ಲ, ಪಾದರಸದ ಗುಂಡಿನಂತೆ ಗುಳಿಯಲ್ಲಿ ಕೂತಿದೆ. ಎಲೆ ತೊಯ್ದೇ ಇಲ್ಲ. ಹಸಿರು ಎಲೆ ಅಲ್ಲೊಂದು ಕಡೆ ಬೆಳ್ಳಿಯಾಗಿ, ಪಕ್ಕದಲ್ಲೇ ಕತ್ತಲಾಗಿ ಕಾಣುತ್ತಿದೆ.

ನಡುನರದಿಂದ ಶುರು. ತೊಟ್ಟಿನ ಬಿಂದುವಿನಿಂದ ತುದಿಗೆ ಒಂದೇ ಉಸಿರಿನ ಬಿಳಿ ಗೆರೆ, ಆರಂಭದಲ್ಲಿ ಆಳ, ಕೊನೆಗೆ ಮರವನ್ನು ನೆಕ್ಕಿದಷ್ಟು. ಆಳವಾಗಿ ಹೋದರೆ ಗೆರೆ ದಪ್ಪ; ಮೇಲೆ ತೇಲಿದರೆ ಸಪೂರ. ಎರಡು ಕಿವಿಗಳಿಗೆ ಎರಡು ನರ. ಪಕ್ಕನರಗಳು. ನಡುನಡುವಿನ ಹೊಟ್ಟೆಗಳಿಗೆ ಸಾಲುಗೆರೆ, ಬೆಳಕಿನ ಬದಿಗೆ ಒತ್ತೊತ್ತಾಗಿ, ನೆರಳಿನ ಬದಿಗೆ ಬಿಡಿಬಿಡಿಯಾಗಿ. ಕೆಲವು ಕಡೆ ಮರವನ್ನು ಮುಟ್ಟಲೇಬಾರದು. ಅದೇ ಅತಿ ಕಷ್ಟ. ಕೈಯಲ್ಲಿ ಉಳಿ ಇದ್ದಾಗ ಸುಮ್ಮನಿರುವುದು. ನೀರಿನ ಹನಿಗೆ ಎರಡೇ ಚುಕ್ಕೆ ಸಾಕೆಂದರು ಮಾಮ: ಬೆಳಕಿನ ಬದಿ ಒಂದು ಚಿಟಿಕೆ, ಎದುರು ಬದಿಯ ಬುಡದಲ್ಲಿ ಕುಡುಗೋಲಿನಂಥ ಒಂದು ಸಣ್ಣ ಬಾಗು. ಹಾಕಿದೆ. ಹನಿ ಬಂದು ಕೂತೇಬಿಟ್ಟಿತು, ಯಾರೋ ಮೇಲಿಂದ ಚೆಲ್ಲಿದ ಹಾಗೆ.

ಒಂದು ಗಂಟೆ ಹೋಗಿದೆ. ಕತ್ತು ಹಿಡಿದುಕೊಂಡಿದೆ. ನಮ್ಮ ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ತಮ್ಮ ಕನ್ನಡ ಪುಸ್ತಕಗಳಿಗೆ ಎಲೆ, ಹೂ, ಬೇರುಗಳನ್ನು ತಾವೇ ಬರೆದುಕೊಳ್ಳುತ್ತಿದ್ದರಲ್ಲ. ಪೆನ್ನು, ಶಾಯಿ, ಸತುವಿನ ಬ್ಲಾಕು, ಉಳಿಯ ಗೊಡವೆಯಿಲ್ಲ. ಫೋಟೋದಿಂದ ಸತುವಿಗೆ ಗೆರೆ ಇಳಿಸುವ ವಿದ್ಯೆ ಬಂದಮೇಲೆ ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಮರದ ಉಳಿಗಳು ಮೂಲೆ ಸೇರಿದ್ದವು. ಆದರೂ ಇವತ್ತಿಗೂ ಸಸ್ಯಶಾಸ್ತ್ರದ ಪೆನ್ನಿನ ಚಿತ್ರಗಳಲ್ಲಿ ಬೆಳಕು ಎಡದ ಮೇಲಿನಿಂದ ಬೀಳುತ್ತದೆ, ಕಾಯಿಯ ಉಬ್ಬಿನಲ್ಲಿ ಗೆರೆ ಬಾಗಿ ತೆಳುವಾಗುತ್ತದೆ. ಮರ ಹೋಯಿತು, ಅದರ ಉಚ್ಚಾರ ಉಳಿಯಿತು.

ಕೊನೆಗೆ ದಂಟು. ಎಲೆಯಿಂದ ಕೆಳಗೆ, ಅಚ್ಚಿನ ಅಂಚಿನವರೆಗೆ. ದುಂಡಗೆ ಕಾಣಲು ಒಂದು ಬದಿಗೆ ಬೆಳಕಿನ ಸೀಳು. ಉಳಿ ಇಟ್ಟೆ, ತಳ್ಳಿದೆ, ಅಷ್ಟರಲ್ಲಿ ವಿಮಾನ. ಅದರ ಮೇಲೆ ಹೊರಿಸುವುದು ಅನ್ಯಾಯ, ಅವಸರ ನನ್ನದೇ. ಗೆರೆ ತೆಳುವಾಗಬೇಕಾದಲ್ಲಿ ಜಾರಿ ಅಗಲವಾಯಿತು. ಸರಿಪಡಿಸಲು ಪಕ್ಕದಲ್ಲಿ ಇನ್ನೊಂದು ಎಳೆದೆ. ಅದನ್ನು ಹೊಂದಿಸಲು ಮತ್ತೊಂದು. ಮಾಮ ಏನೂ ಹೇಳಲಿಲ್ಲ. ಅವರು ಬೈಯದಿದ್ದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಶಾಯಿಯನ್ನು ಗಾಜಿನ ಮೇಲೆ ತೆಳುವಾಗಿ ಹರಡಿ ಪುಟ್ಟ ರೋಲರ್ ಓಡಿಸಿ. ಚಟಚಟ ಸದ್ದು ಬಂದರೆ ಹದ. ಅಚ್ಚಿನ ಮೇಲೆ ಎರಡು ಬಾರಿ. ತೆಳ್ಳನೆಯ ಕಾಗದ ಇಳಿಸಿ, ಅಲುಗಿಸದೆ, ಸ್ಟೀಲ್ ಚಮಚದ ಬೆನ್ನಿನಿಂದ ಮೆಲ್ಲಗೆ ಸುತ್ತುಸುತ್ತಾಗಿ ತೀಡಬೇಕು. ಕಡುಕಪ್ಪು ಬೇಕಾದಲ್ಲಿ ಒತ್ತು ಹೆಚ್ಚು. ಕಾಗದದ ಬೆನ್ನಿನಲ್ಲಿ ಎಲೆಯ ನೆರಳು ಮಸುಕಾಗಿ ಮೂಡುತ್ತದೆ. ಈಗ ಮೂಲೆ ಹಿಡಿದು ಎತ್ತಿ.

ಬಂದಿದೆ! ನಾನು ಎಡಕ್ಕೆ ಬಾಗಿಸಿದ ಎಲೆ ಬಲಕ್ಕೆ ಬಾಗಿ, ಗುಳಿಯಲ್ಲಿ ಹನಿಯನ್ನು ಹಿಡಿದುಕೊಂಡು ನಿಂತಿದೆ. ಒದ್ದೆ ಬನಿಯನ್ನೂ ಸೀರೆಯೂ ನೇತಾಡುವ ಹಗ್ಗದಲ್ಲೇ ಒಂದು ಕ್ಲಿಪ್ಪು ಸಿಕ್ಕಿಸಿ ಅದನ್ನೂ ತೂಗುಹಾಕಿದೆ.

ಹಿಟ್ಟು ಮೆತ್ತಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಮಾಮಿ ಹೊರಗೆ ಬಂದರು. ಎಲೆಗಳ ಕಟ್ಟು ಎತ್ತಿಕೊಳ್ಳಲು ಬಂದವರು ಹಗ್ಗದ ಕಡೆ ತಲೆ ಎತ್ತಿದರು. ತುಸು ಹೊತ್ತು ನೋಡಿದರು.

"ಇದು ಬಿಳಿ ದಂಟಿನದ್ದಲ್ವಾ?" ಎಂದರು. "ಪದಾರ್ಥಕ್ಕಾದರೆ ಆದೀತು. ಪತ್ರೊಡೆಗೆ ಆಗುದಿಲ್ಲ. ನಾನು ತಂದದ್ದು ಕಪ್ಪು ದಂಟಿನದ್ದು, ಹತ್ತು ಕಟ್ಟು ತಿರುಗಿಸಿ ಆರಿಸಿದ್ದು."

ಕಟ್ಟನ್ನು ಎತ್ತಿಕೊಂಡು ಒಳಗೆ ಹೋದರು. ಮೇಜಿನ ಮೇಲೆ ನೇರಳೆಗಪ್ಪಿನ ಎರಡು ದಂಟಿನ ತುಂಡುಗಳು ಉಳಿದವು.

ಮಾಮ ಅಚ್ಚನ್ನು ಎತ್ತಿಕೊಂಡು ಹಳೆಯ ಬನಿಯನ್ನಿನ ಚೂರಿಗೆ ಸೀಮೆಎಣ್ಣೆ ತಾಗಿಸಿ ಶಾಯಿ ಒರೆಸಿದರು. ದಂಟಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಅದನ್ನು ಬೋರಲು ಹಾಕಿ ನನ್ನ ಮುಂದೆ ತಳ್ಳಿದರು.

"ಈ ಬದಿ ಉಂಟಲ್ಲ. ಊಟ ಆಗಲಿ."